ಪಕ್ಕದ ಸೀಟಿನ ಟೀಚರ್

ನಮ್ಮ ಬಡಾವಣೆಯಲ್ಲಿ ನಮ್ಮತ್ತಿಗೆಯ ಹತ್ತಿರ ಕಾರು ಕಲಿಯದೆ ಉಳಿದವಳು ನಾನೊಬ್ಬಳೇ ಇದ್ದಿರಬೇಕು. ಔಷಧಿ ಅಂಗಡಿಯವನು ಕಲಿತ, ಅವನ ಹೆಂಡತಿ ಕಲಿತಳು, ಹಲ್ಲಿನ ಡಾಕ್ಟರು ಕಲಿತರು, ಕೊನೆಗೆ ಕಾರೇ ಇಲ್ಲದವರೂ ಬಂದು ಕಲಿತರು. ನಾನು ಮಾತ್ರ ಜಗ್ಗಲಿಲ್ಲ. ಮನೆಯಲ್ಲೇ ಡ್ರೈವಿಂಗ್ ಟೀಚರ್ ಇರುವಾಗ ನಾನೇಕೆ ಕೈಕಾಲು ನೋಯಿಸಿಕೊಳ್ಳಲಿ ಎಂಬುದು ನನ್ನ ವಾದ. ಎಲ್ಲಿಗೆ ಹೋಗಬೇಕೆಂದರೂ "ಅತ್ತಿಗೇ" ಎಂದು ಒಂದು ಕೂಗು ಹಾಕಿದರೆ ಸಾಕು, ಅವಳು ಬೀಗದ ಕೈ ಕುಣಿಸುತ್ತಾ ಬಂದುಬಿಡುತ್ತಿದ್ದಳು.

ಅವಳು ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಹುವಚನ ಹಚ್ಚಿ ಮಾತಾಡಿಸಿದರೆ, "ಈ ನೀವು ಗೀವು ಎಲ್ಲ ನಿಮ್ಮಮ್ಮನಿಗೆ ಇಟ್ಕೋ ಮಾರಾಯ್ತಿ, ನನಗೆ ಬೇಡ" ಎಂದಿದ್ದಳು. ಅಂದಿನಿಂದ ನಮ್ಮಿಬ್ಬರದು ಏಕವಚನದ ಸಂಸಾರ. ಮನೆಯಲ್ಲಿ ಅವಳು, ಅವಳ ಮಗ, ಸೊಸೆ, ಹಿಂದಿನ ಕೋಣೆಯಲ್ಲಿ ನಾನು. ನಾನು ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಕ್ಕಳ ಬಾಯಿ ಮುಚ್ಚಿಸುತ್ತಲೇ ಆಯುಸ್ಸು ಕಳೆದವಳಿಗೆ ಈಗ ತನ್ನ ಬಾಯಿ ಮುಚ್ಚಲು ಬರುವುದಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ಅತ್ತಿಗೆಯ ಕೆಲಸದ ಬಗ್ಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಸ್ಟಿಯರಿಂಗ್ ಒಂದೇ ಇದ್ದರೂ ಬ್ರೇಕು ಎರಡು. ಕಲಿಯುವವರ ಕಾಲಡಿ ಒಂದು, ಪಕ್ಕದ ಸೀಟಿನಲ್ಲಿ ಕೂತ ಟೀಚರ್ ಕಾಲಡಿ ಇನ್ನೊಂದು. ಎರಡಕ್ಕೂ ಒಳಗೊಳಗೇ ಸಂಬಂಧ. ಟೀಚರ್ ಒತ್ತಿದರೆ ಕಲಿಯುವವರ ಪೆಡಲೂ ತನ್ನಷ್ಟಕ್ಕೆ ತಾನೇ ಕೆಳಗಿಳಿಯುತ್ತದೆ. ಬೇರೆ ಟೀಚರ್‌ಗಳು ಆ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕೂರುತ್ತಾರಂತೆ. ಅತ್ತಿಗೆ ಹಾಗಲ್ಲ. ಚಪ್ಪಲಿ ಬಿಚ್ಚಿ, ಕಾಲು ಹಿಂದಕ್ಕೆಳೆದುಕೊಂಡು, ಮಡಿಲಲ್ಲಿ ಕೈ ಕಟ್ಟಿ, ಬಸ್ಸಿನಲ್ಲಿ ಊರಿಗೆ ಹೊರಟವಳ ಹಾಗೆ ಆರಾಮಾಗಿ ಕೂರುತ್ತಿದ್ದಳು. "ಬ್ರೇಕ್ ಒತ್ತೋಕೆ ಯಾರಿಗೆ ಬರಲ್ಲ? ಒತ್ತದೇ ಇರೋಕೆ ನನಗೆ ಸಂಬಳ ಕೊಡ್ತಾರೆ" ಎನ್ನುತ್ತಿದ್ದಳು. ಪಕ್ಕದಲ್ಲಿರುವವಳು ಹೆದರಿಲ್ಲ ಎಂದು ಗೊತ್ತಾದರೆ ಕಲಿಯುವವರ ಕೈ ತಾನಾಗಿ ನೆಟ್ಟಗಾಗುತ್ತದೆ ಎಂಬುದು ಅವಳ ನಂಬಿಕೆ. ದೊಡ್ಡ ದೊಡ್ಡ ಮೀಸೆಯ ಗಂಡಸರು ಸ್ಟಿಯರಿಂಗ್ ಹಿಡಿದು ಕಣ್ಣಲ್ಲಿ ನೀರು ಹಾಕಿಕೊಂಡದ್ದನ್ನು ಅವಳು ಕಂಡಿದ್ದಳು, ಯಾರ ಹೆಸರನ್ನೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಎಷ್ಟು ಪೀಡಿಸಿದರೂ ಹೇಳಲಿಲ್ಲ.

ಅವಳಿಗೆ ಒಂದು ದೊಡ್ಡ ದೋಷವಿತ್ತು, ಮರೆವು. ಇದು ಮುದುಕಿಯಾದ ಮೇಲೆ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಕೊಡೆ, ಕನ್ನಡಕದ ಡಬ್ಬಿ, ತರಕಾರಿ ಚೀಲ, ಎಲ್ಲಿ ಕೂತಳೋ ಅಲ್ಲೇ ಬಿಟ್ಟು ಬರುತ್ತಿದ್ದಳು. ಮಗ ಚಿಕ್ಕವನಿದ್ದಾಗ ಒಮ್ಮೆ ಅವನನ್ನೇ ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಬಿಟ್ಟು ಮನೆಗೆ ಬಂದು ಕಾಫಿ ಕುಡಿಯುತ್ತಾ ಕೂತಿದ್ದಳು. ಅಣ್ಣ "ಮಗ ಎಲ್ಲೇ?" ಎಂದಾಗ ಲೋಟ ಕೆಳಗಿಟ್ಟು ಓಡಿದಳು. ಆ ಕಥೆಯನ್ನು ನಾವೆಲ್ಲ ವರ್ಷಗಟ್ಟಲೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಮಗನೇ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ.

ಆಮೇಲೆ ಒಂದು ದಿನ ಅವಳು ಕೊಡೆ ಮರೆತು ಬಂದಳು. ಯಾರೂ ನಗಲಿಲ್ಲ. ಮಗ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. "ಪರವಾಗಿಲ್ಲ ಅಮ್ಮ, ನಾನು ಹೋಗಿ ತರ್ತೀನಿ, ನೀನು ಕೂತ್ಕೋ" ಎಂದ, ಬಹಳ ಮೆತ್ತಗೆ. ಆ ಮೆತ್ತನೆಯ ದನಿ ಕೇಳಿ ನನಗೆ ಮೈ ಉರಿಯಿತು. ಏಕೆಂದು ಆಗ ಹೊಳೆಯಲಿಲ್ಲ. ಅದೇ ಹೆಂಗಸು, ಅದೇ ಕೊಡೆ, ಅದೇ ಮರೆವು. ತಲೆಗೂದಲು ಮಾತ್ರ ಬೆಳ್ಳಗಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಯಾರೂ ಕೆಟ್ಟವರಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ನಾನೇ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಸೊಸೆ ಅತ್ತೆಯ ಕೈಯಿಂದ ಬಿಸಿ ಪಾತ್ರೆ ಇಸಿದುಕೊಳ್ಳುವಳು, ಮಗ ಹೊಸ ಫೋನಿನ ಬಗ್ಗೆ ಹೇಳುವಾಗ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ಕಿವುಡರಿಗೆ ಹೇಳಿದ ಹಾಗೆ ಹೇಳುವನು. ಪಕ್ಕದ ಮನೆಯಾಕೆ, "ಇನ್ನೂ ಕೆಲಸಕ್ಕೆ ಹೋಗ್ತೀರಾ? ದೊಡ್ಡದು ಕಣ್ರೀ!" ಎಂದು ಕಣ್ಣರಳಿಸುವಳು. ಅತ್ತಿಗೆ ನಗುತ್ತಿದ್ದಳು. ಮನೆಯೊಳಗೆ ಬಂದು, "ಅಲ್ಲ, ನಾನೇನು ಬೆಟ್ಟ ಹತ್ತಿ ಬಂದೆನಾ? ಕಾರಲ್ಲಿ ಕೂತಿದ್ದು ಬಂದೆ ಅಷ್ಟೆ" ಎನ್ನುತ್ತಿದ್ದಳು. ಆಗಿನ್ನೂ ಅವಳಿಗೆ ಅದು ತಮಾಷೆ.

ಒಂದು ಹುಡುಗಿಯ ಅಪ್ಪ ಸ್ಕೂಲಿಗೆ ಬಂದು, "ಸ್ವಲ್ಪ ಚಿಕ್ಕ ವಯಸ್ಸಿನವರು ಯಾರಾದ್ರೂ ಇದ್ರೆ ನೋಡಿ, ರಸ್ತೆ ಅಲ್ವಾ, ರಿಫ್ಲೆಕ್ಸ್ ಬೇಕು" ಎಂದನಂತೆ. ಸ್ಕೂಲಿನ ಮಾಲೀಕ ಒಂದು ಕಾಲಕ್ಕೆ ಅತ್ತಿಗೆಯ ಹತ್ತಿರವೇ ಕಲಿತವನು. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದೆ ಹಾಲಿನ ಬೂತಿಗೆ ನುಗ್ಗಲು ಹೋಗಿದ್ದ ಮಹಾನುಭಾವ. ಅವನು ಹೊಸದಾಗಿ ಒಬ್ಬ ಯುವಕನನ್ನು ಸೇರಿಸಿಕೊಂಡ. ಬಂದವರನ್ನೆಲ್ಲ ಅವನ ಕಾರಿಗೆ ಹತ್ತಿಸಿದ. ಅತ್ತಿಗೆಗೆ, "ಟೀಚರ್, ನೀವು ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು ಟ್ರಾಫಿಕ್ ರೂಲ್ಸ್ ಹೇಳಿಕೊಡಿ, ಬಿಸಿಲಲ್ಲಿ ಯಾಕೆ ಒದ್ದಾಡ್ತೀರ" ಎಂದ. ಅವನಿಗೂ ಅದು ಮರ್ಯಾದೆಯ ಮಾತೇ.

ವಯಸ್ಸಾದ ಚಾಲಕರು ಆಗಾಗ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ನಿಯಮವಿದೆ. ಆ ಸಲ ಮಗ ಜೊತೆಗೆ ಹೋದ. ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪ್ರಶ್ನೆಗಳನ್ನೆಲ್ಲ ಕೇಳಿದ್ದು ಮಾತ್ರ ಮಗನನ್ನು. "ಅಮ್ಮ ನಿದ್ದೆ ಚೆನ್ನಾಗಿ ಮಾಡ್ತಾರಾ? ತಲೆ ಸುತ್ತು ಅಂತಾರಾ?" ಅತ್ತಿಗೆ ಅಲ್ಲೇ ಕುರ್ಚಿಯ ಮೇಲೆ ಕಾಲು ತೂಗುಬಿಟ್ಟು ಕೂತಿದ್ದಳು.

ಮನೆಗೆ ಬಂದಾಗ ನಾನು ಬಾಗಿಲಲ್ಲೇ ಕೇಳಿದೆ, "ಏನಂದ್ರು?"

"ಎಲ್ಲ ಸರಿಯಾಗಿದೆಯಂತೆ ಅತ್ತೆ" ಎಂದ ಮಗ. ನಾನು ಅವನ ಸೋದರತ್ತೆ ತಾನೇ. "ಕಣ್ಣಂತೂ ತುಂಬಾ ಚೆನ್ನಾಗಿದೆಯಂತೆ."

"ಈ ವಯಸ್ಸಿಗೆ" ಎಂದಳು ಅತ್ತಿಗೆ. "ಈ ವಯಸ್ಸಿಗೆ ಚೆನ್ನಾಗಿದೆ ಅಂದ್ರು. ಪೂರ್ತಿ ಹೇಳೋ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ಎರಡು ಪದ ಅವಳ ಒಳಗೆ ಹೊಕ್ಕು ಕೂತವು ಎಂದು ನನಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಏನು ಮಾಡಿದರೂ ಅದೇ ರಾಗ. ದಾರ ಪೋಣಿಸಲು ತಡವಾದರೆ "ವಯಸ್ಸಾಯ್ತಲ್ಲ", ಯಾರದೋ ಹೆಸರು ನಾಲಿಗೆ ತುದಿಗೆ ಬಂದು ನಿಂತರೆ "ಅರಳುಮರಳು ಶುರುವಾಯ್ತು". ಬೇರೆಯವರು ಹೇಳುವ ಮೊದಲೇ ತಾನೇ ಹೇಳಿಕೊಂಡರೆ ನೋವು ಕಡಿಮೆ ಎಂದುಕೊಂಡಿದ್ದಳೋ ಏನೋ. ಮಾಲೀಕ ಅಪ್ಪಿತಪ್ಪಿ ಯಾರನ್ನಾದರೂ ಅವಳ ಕಾರಿಗೆ ಕಳಿಸಿದರೆ, ಮರುದಿನ ಅವರು ಯುವಕನ ಕಾರಿಗೆ ಹೋಗುತ್ತಿದ್ದರು. "ಟೀಚರ್ ಮಾತು ಮಾತಿಗೆ ಬ್ರೇಕ್ ಹಾಕ್ತಾರೆ" ಎಂದು ದೂರಂತೆ. ನಾನು ನಂಬಲಿಲ್ಲ. ನಮ್ಮತ್ತಿಗೆ ಬ್ರೇಕ್ ಹಾಕುವುದೆಂದರೇನು?

ಅವಳನ್ನೇ ಕೇಳಿದೆ. ತಲೆ ಬಗ್ಗಿಸಿ ಬಟ್ಟೆ ಮಡಚುತ್ತಾ ಹೇಳಿದಳು, "ಹೌದು. ಕಾಲು ತಾನಾಗೇ ಹೋಗತ್ತೆ. ಎದುರಿಗೆ ಏನೋ ಬಂತು ಅನ್ನಿಸತ್ತೆ, ಇನ್ನೊಂದು ಕ್ಷಣ ಕಾಯೋಣ ಅಂದ್ರೆ, ನಾನು ಸರಿಯಾಗಿ ನೋಡಿಲ್ಲವೇನೋ, ಲೆಕ್ಕ ತಪ್ಪಿದೆಯೇನೋ ಅಂತ ಭಯ. ಮೊದಲು ಹೀಗಿರ್ಲಿಲ್ಲ ಕಣೇ."

ಅಂದೇ ನಾನು ತೀರ್ಮಾನ ಮಾಡಿದೆ. ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೋಗಿ ಮಾಲೀಕನ ಮೇಜಿನ ಮುಂದೆ ಕೂತು, "ನನ್ನನ್ನು ಸೇರಿಸಿಕೋ. ಟೀಚರ್ ನಮ್ಮತ್ತಿಗೆಯೇ ಆಗಬೇಕು" ಎಂದೆ. ಅವನು ನನ್ನ ಬಿಳಿ ತಲೆಯನ್ನೂ ನನ್ನ ಮೊಣಕಾಲನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ಲೈಬ್ರರಿಯಲ್ಲಿ ನೋಡುತ್ತಿದ್ದ ನೋಟ ನೋಡಿದೆ. ಬಾಯಿ ಮುಚ್ಚಿದ.

ಮನೆಯಲ್ಲಿ ದೊಡ್ಡ ರಂಪವೇ ಆಯಿತು. "ಒಬ್ಬರು ಸಾಲದು ಅಂತ ಇಬ್ಬರಾ?" ಎಂದು ಮಗ ತಲೆ ಮೇಲೆ ಕೈ ಹೊತ್ತ. ಅತ್ತಿಗೆ ಮಾತ್ರ ಬಹಳ ದಿನದ ಮೇಲೆ ಮನಸಾರೆ ನಕ್ಕಳು. "ಜೀವನವೆಲ್ಲ ಕರೆದೆ, ಬರಲಿಲ್ಲ. ಈಗ ಬಂದಿದೀಯಾ ನನ್ನ ಪ್ರಾಣ ತೆಗೆಯೋಕೆ?"

ಕಾರಿನಲ್ಲಿ ಕೂತ ಮೇಲೆ ನನಗೆ ದೂರಿನ ಅರ್ಥ ಗೊತ್ತಾಯಿತು. ನಾನು ಬ್ರೇಕಿನ ಹತ್ತಿರ ಕಾಲು ತಂದೇ ಇರುತ್ತಿರಲಿಲ್ಲ, ಪೆಡಲು ತನ್ನಷ್ಟಕ್ಕೆ ತಾನೇ ಕುಸಿಯುತ್ತಿತ್ತು. ಮೊದಲು ಸ್ವಲ್ಪ, ಆಮೇಲೆ ತಡೆದು ಇನ್ನು ಸ್ವಲ್ಪ, ಒತ್ತಲೋ ಬೇಡವೋ ಎಂದು ಕೇಳಿಕೊಂಡು ಕೇಳಿಕೊಂಡು. ಕಾರು ಮುಗ್ಗರಿಸುತ್ತಾ ಹೋಗುತ್ತಿತ್ತು. ಅತ್ತಿಗೆಯ ಚಪ್ಪಲಿ ಕಾಲಲ್ಲೇ ಇತ್ತು, ಕೈಗಳು ಮಡಿಲಲ್ಲಿ ಇರಲಿಲ್ಲ, ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದವು.

"ಕಾಲು ತೆಗಿ!" ಎಂದು ಕಿರುಚಿದೆ.

"ಲಾರಿ ಕಣೇ!"

"ಲಾರಿ ಅಲ್ಲೆಲ್ಲೋ ನಿಂತಿದೆ. ಅದರ ಟೈರೂ ಬಿಚ್ಚಿಟ್ಟಿದಾರೆ. ಅದು ಹೇಗೆ ಬಂದು ಗುದ್ದತ್ತೆ? ಕಾಲು ತೆಗಿ ಅಂದ್ನಲ್ಲ."

ಹೀಗೆ ಜಗಳವಾಡುತ್ತಲೇ ಕಲಿತೆವು. ನಾನು ಓಡಿಸುವುದನ್ನು, ಅವಳು ಕಾಲು ಹಿಂದಕ್ಕೆಳೆದುಕೊಳ್ಳುವುದನ್ನು. ನಾನು ಮಹಾ ದಡ್ಡ ವಿದ್ಯಾರ್ಥಿನಿ. ಗೇರ್ ಎಲ್ಲಿದೆ ಎಂದು ತಲೆ ಬಗ್ಗಿಸಿ ನೋಡದೆ ಅದನ್ನು ಬದಲಿಸಲು ನನಗೆ ಕೊನೆಯವರೆಗೂ ಬರಲಿಲ್ಲ. "ಕಣ್ಣು ರಸ್ತೆ ಮೇಲೆ, ಗೇರ್ ಎಲ್ಲೂ ಓಡಿಹೋಗಲ್ಲ" ಎಂದು ಅವಳು ಗದರಿಸುವಳು. ಗದರಿಸುವಾಗ ತನ್ನ ಭಯ ಮರೆಯುವಳು. ಅದನ್ನು ಕಂಡುಕೊಂಡ ಮೇಲೆ ನಾನು ಬೇಕೆಂದೇ ಇನ್ನಷ್ಟು ತಪ್ಪು ಮಾಡತೊಡಗಿದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ನಿಜವಾದ ತಪ್ಪುಗಳೇ ಬೇಕಾದಷ್ಟಿದ್ದವು. ಬರಬರುತ್ತಾ ಪೆಡಲು ಕುಸಿಯುವುದು ಕಡಿಮೆಯಾಯಿತು. ಒಂದು ದಿನ ಅವಳು ಚಪ್ಪಲಿ ಬಿಚ್ಚಿಟ್ಟಳು. ನಾನು ನೋಡಿದರೂ ನೋಡದಂತೆ ಇದ್ದೆ. ಇನ್ನೊಂದು ದಿನ ಸಂತೆಯ ರಸ್ತೆಯುದ್ದಕ್ಕೂ, ತಳ್ಳುಗಾಡಿ, ಆಟೋ, ಜನ, ಎಲ್ಲದರ ನಡುವೆ ಅವಳು ಒಮ್ಮೆಯೂ ಬ್ರೇಕ್ ಮುಟ್ಟಲಿಲ್ಲ. ನನ್ನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ಅವಳು ಮಡಿಲಲ್ಲಿ ಕೈ ಕಟ್ಟಿ ಅಂಗಡಿಗಳ ಬೋರ್ಡ್ ಓದುತ್ತಿದ್ದಳು. ಆ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಮಾಲೀಕನಿಗೂ ಸುದ್ದಿ ಮುಟ್ಟಿತು. ಸ್ಟಿಯರಿಂಗ್ ಹಿಡಿಯಲು ಹೆದರುವ ಒಬ್ಬ ನರ್ಸ್ ಬಂದಿದ್ದಾಳೆ, ಅವಳನ್ನು ನಿಮಗೇ ಕೊಡುತ್ತೇನೆ ಎಂದ. ಅತ್ತಿಗೆ ಬೆಳಿಗ್ಗೆ ಬೇಗ ಎದ್ದು ತಲೆ ಬಾಚಿಕೊಳ್ಳತೊಡಗಿದಳು.

ಆ ನರ್ಸ್ ಬರಬೇಕಾಗಿದ್ದುದರ ಹಿಂದಿನ ದಿನವೇ ಅದು ನಡೆದದ್ದು.

ಪಂಕ್ಚರ್ ಅಂಗಡಿಯ ಮೂಲೆ. ಎರಡು ಕಡೆಯೂ ಗಲ್ಲಿಗಳು ಬಂದು ಸೇರುವ ಜಾಗ. ನಾನು ಎರಡನೇ ಗೇರಿಗಾಗಿ ತಡಕಾಡುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಕಾಲಡಿಯ ಪೆಡಲು ನೆಲಕ್ಕೆ ಹೋಯಿತು. ಸ್ವಲ್ಪ ಸ್ವಲ್ಪವಾಗಿ ಅಲ್ಲ, ಒಂದೇ ಸಲಕ್ಕೆ, ತಳದವರೆಗೆ. ಕಾರು ನಿಂತಿತು. ಮರುಕ್ಷಣ ಹಿಂದಿನಿಂದ ಧಡ್ ಎಂದು ಏನೋ ಗುದ್ದಿ ನಾವಿಬ್ಬರೂ ಮುಂದಕ್ಕೆ ಹೋಗಿ ಬೆಲ್ಟಿಗೆ ಸಿಕ್ಕಿ ಹಿಂದಕ್ಕೆ ಬಂದೆವು.

"ಸೈಕಲ್" ಎಂದಳು ಅತ್ತಿಗೆ. ಅವಳ ದನಿ ಸ್ವಲ್ಪವೂ ಅಲುಗಿರಲಿಲ್ಲ. "ಏಣಿ ಕಟ್ಟಿಕೊಂಡಿದ್ದ. ಈ ಗಲ್ಲಿಯಿಂದ ನುಗ್ಗಿ ಆ ಗಲ್ಲಿಗೆ ಹೋದ. ನೀನು ಸರಿಯಾಗಿದೀಯಾ?"

ಹಿಂದಿನ ಕಾರಿನವನು ಬಾಗಿಲು ಬಡಿದು ಕೂಗಾಡುತ್ತಾ ಬಂದ. ಕೈಯಲ್ಲಿ ಫೋನಿತ್ತು, ಅದರಲ್ಲಿ ಯಾರೋ ಇನ್ನೂ ಹಲೋ ಹಲೋ ಎನ್ನುತ್ತಿದ್ದರು. ಕಿಟಕಿಯಲ್ಲಿ ಬಗ್ಗಿ ನೋಡಿದ್ದೇ ತಡ, ಅವನ ಮುಖ ಬದಲಾಯಿತು. ಸಿಟ್ಟೆಲ್ಲ ಇಳಿದುಹೋಯಿತು. ಸಿಟ್ಟು ಇದ್ದಿದ್ದರೇ ಚೆನ್ನಾಗಿತ್ತು.

"ಅಯ್ಯೋ, ಅಜ್ಜಿ! ಪೆಟ್ಟಾಯ್ತಾ?"

"ನಿನಗೆ ಅಜ್ಜಿ ಆಗೋಷ್ಟು ನಮಗೆ ವಯಸ್ಸಾಗಿಲ್ಲ" ಎಂದೆ ನಾನು. "ಹಿಂದಿನಿಂದ ಬಂದು ಗುದ್ದಿದವನು ನೀನು. ಫೋನಲ್ಲಿ ಮಾತಾಡ್ಕೊಂಡು ಬರ್ತಿದ್ದೆ."

ಅವನು ನನ್ನ ಕಡೆ ತಿರುಗಲೇ ಇಲ್ಲ. ಅತ್ತಿಗೆಯ ಕಡೆ ಬಗ್ಗಿ, "ಯಾಕೆ ಹೀಗೆ ದಿಢೀರ್ ಅಂತ ನಿಲ್ಲಿಸಿದ್ರಿ ಅಜ್ಜಿ?" ಎಂದ.

"ಸೈಕಲ್ ಅಡ್ಡ ಬಂತಪ್ಪ."

"ಯಾವ ಸೈಕಲ್?" ಅವನು ನೆಟ್ಟಗೆ ನಿಂತು ರಸ್ತೆಯ ಎರಡೂ ಕಡೆ ನೋಡಿದ. "ರಸ್ತೆ ಖಾಲಿ ಇತ್ತಲ್ಲ. ನಾನು ಹಿಂದೇನೇ ಇದ್ದೆ, ಯಾರೂ ಬರಲಿಲ್ಲ. ತಪ್ಪು ತಿಳ್ಕೋಬೇಡಿ, ನಮ್ಮ ತಾಯಿಗೂ ಹೀಗೇ ಆಗ್ತಿತ್ತು, ಇಲ್ಲದ್ದೆಲ್ಲ ಕಾಣೋದು. ಮನೆಯಲ್ಲಿ ಯಾರಾದ್ರೂ ಇದ್ದಾರಾ? ನಂಬರ್ ಕೊಡಿ, ಕರೀತೀನಿ."

ನಾನು ಅತ್ತಿಗೆಯ ಮುಖ ನೋಡುತ್ತಿದ್ದೆ. ಅವಳು ಆ ಗಲ್ಲಿಯನ್ನು ನೋಡಿದಳು, ಈ ಗಲ್ಲಿಯನ್ನು ನೋಡಿದಳು. ಎರಡರಲ್ಲೂ ಯಾರೂ ಇರಲಿಲ್ಲ. ಸೈಕಲ್ಲು ಅಲ್ಲೇ ನಿಂತು ಸಾಕ್ಷಿ ಹೇಳುತ್ತದೆಯೇ? ನಿಧಾನವಾಗಿ ಕಾಲನ್ನು ಚಪ್ಪಲಿಯೊಳಗೆ ತೂರಿಸಿಕೊಂಡಳು.

"ತಪ್ಪಾಯ್ತಪ್ಪ" ಎಂದಳು.

ತಪ್ಪಾಯ್ತಂತೆ! ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆದರೆ ಬೀದಿಯಲ್ಲಿ ಬೊಬ್ಬೆ ಹಾಕುವ ಮುದುಕಿಯ ಮಾತು ಯಾರು ಕೇಳುತ್ತಾರೆ? ಸೇರಿದ ಜನ ಮುಸಿಮುಸಿ ನಕ್ಕರು. ಸುದ್ದಿ ತಿಳಿದು ಮಾಲೀಕ ಓಡಿಬಂದು, ಬಂಪರು ನೋಡಿ, ಆ ಮನುಷ್ಯನ ಕೈ ಕುಲುಕಿ ಕಳಿಸಿಕೊಟ್ಟ. "ಹೋಗ್ಲಿ ಬಿಡಿ ಟೀಚರ್, ಯಾರಿಗೂ ಏನೂ ಆಗಲಿಲ್ಲವಲ್ಲ" ಎಂದ. ಪಕ್ಕದ ಸೀಟಿನಲ್ಲಿ ಆ ಹೊಸ ಯುವಕ ಕೂತಿದ್ದಿದ್ದರೆ ಇದೇ ಮಾಲೀಕ ಫೋನಿನವನ ಕೊರಳಪಟ್ಟಿ ಹಿಡಿಯುತ್ತಿದ್ದ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಅವನ ಆಫೀಸಿನ ಗೋಡೆಯ ಮೇಲೆಯೇ ಬರೆದು ಅಂಟಿಸಿದೆ.

ಸಂಜೆ ಮಗ ಅಮ್ಮನ ಕಾಲ ಹತ್ತಿರ ಕೂತು ಅವಳ ಕೈ ಹಿಡಿದುಕೊಂಡ. "ಸಾಕು ಅಮ್ಮ. ಇಷ್ಟು ವರ್ಷ ದುಡಿದಿದೀಯ. ಇನ್ನು ಆರಾಮಾಗಿರು."

"ಸೈಕಲ್ ಬಂತು ಕಣೋ" ಎಂದಳು ಅತ್ತಿಗೆ. ಆದರೆ ಆ ಮಾತಿನಲ್ಲಿ ಬೆಳಗಿನ ಗಟ್ಟಿತನ ಇರಲಿಲ್ಲ, ತನ್ನನ್ನೇ ಕೇಳಿಕೊಂಡ ಹಾಗಿತ್ತು.

"ಸೈಕಲ್ ಇತ್ತೋ ಇಲ್ವೋ, ಅದು ಮುಖ್ಯ ಅಲ್ಲ ಅಮ್ಮ."

ಅದೊಂದೇ ಮುಖ್ಯವಾಗಿತ್ತು. ಆ ಸೈಕಲ್ಲು ಇದ್ದರೆ ನಮ್ಮತ್ತಿಗೆ ಒಂದು ಜೀವ ಉಳಿಸಿದ ಟೀಚರ್. ಇಲ್ಲದಿದ್ದರೆ ಕಣ್ಣೆದುರು ಇಲ್ಲದ್ದನ್ನು ಕಾಣುವ ಮುದುಕಿ. ಅವಳ ಮುಖ ನೋಡಲಾಗದೆ ನಾನು ಹೇಳಿಬಿಟ್ಟೆ, "ಇತ್ತು! ನಾನೂ ನೋಡ್ದೆ. ಏಣಿ ಕಟ್ಟಿದ ಸೈಕಲ್ಲು. ಕಣ್ಣಾರೆ ನೋಡ್ದೆ."

ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು.

"ನೀನೆಲ್ಲಿ ನೋಡ್ದೆ? ನೀನು ಗೇರ್ ನೋಡ್ತಿದ್ದೆ. ತಲೆ ಬಗ್ಗಿಸ್ಕೊಂಡು ಎರಡನೇ ಗೇರ್ ಹುಡುಕ್ತಿದ್ದೆ. ಎಡಗೈಯಲ್ಲಿ ಕನ್ನಡಕ ಸರಿ ಮಾಡ್ಕೊಂಡೆ."

ಅದು ನಿಜ. ಒಂದಕ್ಷರವೂ ತಪ್ಪಿಲ್ಲದೆ ನಿಜ. ನಾನು ಎದ್ದು ನಿಂತೆ. "ನೋಡು! ಇದನ್ನೆಲ್ಲ ನೋಡಿದೀಯಲ್ಲ ನೀನು! ರಸ್ತೆಯೂ ನೋಡ್ತಾ, ನನ್ನ ಕನ್ನಡಕವೂ ನೋಡಿದೀಯ. ಅಂಥ ಕಣ್ಣಿಗೆ ಇಲ್ಲದ ಸೈಕಲ್ ಕಾಣತ್ತಾ?"

"ಅದು ಅಭ್ಯಾಸ ಬಲ ಕಣೇ" ಎಂದಳು. "ನನ್ನ ಸಮಾಧಾನಕ್ಕೆ ನೀನು ಸುಳ್ಳು ಹೇಳೋ ಸ್ಥಿತಿ ಬಂತಲ್ಲ."

ಬ್ರೇಕಿನ ಮಾತನ್ನೂ ಹೇಳಿದೆ. ಹೆದರಿದ ಕಾಲು ಹಾಗೆ ಒತ್ತುವುದಿಲ್ಲ, ನೀನು ಹೆದರಿ ಒತ್ತಿದ್ದು ಎಷ್ಟು ಸಲ ನನ್ನ ಕಾಲಿಗೆ ಗೊತ್ತಾಗಿದೆ, ಇದು ಬೇರೆ, ಇದು ಕಂಡು ಒತ್ತಿದ್ದು ಎಂದು ಬಗೆಬಗೆಯಾಗಿ ಹೇಳಿದೆ. ಅವಳು ತಲೆಯಾಡಿಸಿದಳು. ಮಗನೂ ತಲೆಯಾಡಿಸಿದ. ಮಕ್ಕಳು ಪುಸ್ತಕ ಹರಿದು ಕಾರಣ ಹೇಳುವಾಗ ನಾನೂ ಹಾಗೇ ತಲೆಯಾಡಿಸುತ್ತಿದ್ದೆ.

ನಾನು ಸುಮ್ಮನಿರುವವಳಲ್ಲ. ಮರುದಿನ ಪಂಕ್ಚರ್ ಅಂಗಡಿಗೆ ಹೋದೆ. ಬಾಗಿಲು ಹಾಕಿತ್ತು. ಅದರ ಮರುದಿನವೂ ಹಾಕಿತ್ತು. ಆಮೇಲೆ ತೆರೆದ ದಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದವನ ಎದುರು ನಿಂತು, ಅವನ ಬಾಯಿಗೆ ನಾನೇ ಮಾತು ಹಾಕಬಾರದೆಂದು ಹುಷಾರಾಗಿ, "ಆವತ್ತು ಇಲ್ಲಿ ಕಾರಿಗೆ ಕಾರು ಗುದ್ದಿದಾಗ ಏನು ನೋಡ್ದೆ?" ಎಂದಷ್ಟೇ ಕೇಳಿದೆ.

"ಆ ಪೇಂಟರ್ ನನ್ಮಗ ಸತ್ತೇಹೋಗ್ತಿದ್ದ ಅಮ್ಮ" ಎಂದ ಅವನು, ಟ್ಯೂಬಿನಿಂದ ಕಣ್ಣೆತ್ತದೆ. "ಸೈಕಲ್‌ಗೆ ಏಣಿ ಕಟ್ಕೊಂಡು ಆ ಕಡೆ ಈ ಕಡೆ ನೋಡದೆ ನುಗ್ಗಿದ. ನಿಮ್ಮ ಕಾರು ಗಕ್ಕನೆ ನಿಲ್ತು, ಉಳ್ಕೊಂಡ. ಏಣಿ ತುದಿಗೆ ಒಂದು ಕೆಂಪು ಬಟ್ಟೆ ಬೇರೆ ಕಟ್ಟಿದ್ದ, ಅದನ್ನ ನೋಡಿ ಜನ ಹುಷಾರಾಗ್ಬೇಕಂತೆ. ನಾನು ಊರಿಗೆ ಹೊರಟು ಬಾಗಿಲು ಹಾಕ್ತಿದ್ದೆ, ಬಸ್ಸು ತಪ್ಪತ್ತೆ ಅಂತ ಅಲ್ಲಿ ನಿಲ್ಲಲಿಲ್ಲ."

ನನ್ನ ಕಾಲು ನೆಲದ ಮೇಲಿರಲಿಲ್ಲ. ಕೈ ಒರೆಸಿಕೊಳ್ಳಲೂ ಬಿಡದೆ ಅವನನ್ನು ಮನೆಗೆ ಎಳೆದು ತಂದೆ. ಅತ್ತಿಗೆ ಹಜಾರದಲ್ಲಿ ಕೂತಿದ್ದಳು. ಅವನು ಬಾಗಿಲ ಹತ್ತಿರವೇ ನಿಂತು ಎಲ್ಲವನ್ನೂ ಹೇಳಿದ. ನಾನು ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಅತ್ತಿಗೆ ಗಮನವಿಟ್ಟು ಕೇಳಿದಳು. ಒಂದು ಕ್ಷಣ ಅವಳ ಬೆನ್ನು ನೆಟ್ಟಗಾಯಿತು, ನಾನು ನೋಡಿದೆ. ಆಮೇಲೆ ಕೇಳಿದಳು, "ಕೆಂಪು ಬಟ್ಟೆಯಾ?"

"ಹೌದು ಟೀಚರ್, ಇಷ್ಟುದ್ದ ಇತ್ತು."

"ಆಯ್ತಪ್ಪ. ಬಂದು ಹೇಳಿದ್ದಕ್ಕೆ ಒಳ್ಳೇದಾಗಲಿ."

ಅವನು ಹೋದ ಮೇಲೆ ನಾನು ಅವಳ ಎದುರು ಕೂತೆ. "ಈಗೇನಂತೀಯ?"

"ಏನನ್ನಲಿ? ಏಣಿಯ ವಿಷಯ ನೀನೇ ಅವನಿಗೆ ಹೇಳಿರಬೇಕು."

"ನಾನು ಒಂದು ಪದ ಹೇಳಿಲ್ಲ. ಆಣೆ ಮಾಡಿ ಹೇಳ್ತೀನಿ. ಕೆಂಪು ಬಟ್ಟೆ? ಅದು ನನಗೆ ಹೇಗೆ ಗೊತ್ತಿರತ್ತೆ? ಅದನ್ನು ನೀನೂ ಹೇಳಿರಲಿಲ್ಲವಲ್ಲ."

"ಅದೇ ಕಣೇ" ಎಂದಳು ಅವಳು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. "ಕೆಂಪು ಬಟ್ಟೆ ನನಗೆ ಕಾಣಲೇ ಇಲ್ಲ. ಅಷ್ಟು ದೊಡ್ಡದು, ಕೆಂಪಗಿದ್ದದ್ದು, ಕಣ್ಣ ಮುಂದೆ ಹೋದದ್ದು. ಕಾಣಲಿಲ್ಲ ಅಂದ್ರೆ ನನ್ನ ಕಣ್ಣು ಎಷ್ಟು ಹೋಗಿದೆ ನೋಡು."

ಅವನ ಮಾತು ಅವಳ ಮಾತಿನಂತೆಯೇ ಇದ್ದರೆ ನಾನು ಹೇಳಿಕೊಟ್ಟದ್ದು. ಒಂದು ಕೂದಲೆಳೆ ಬೇರೆಯಾದರೆ ಅವಳ ಕಣ್ಣು ಹೋದದ್ದು. ಯಾವ ಕಡೆಯಿಂದ ಹೋದರೂ ಅವಳು ಅಲ್ಲಿಗೇ ಬಂದು ನಿಲ್ಲುತ್ತಿದ್ದಳು. ಇಷ್ಟು ದಿನ ಊರಿನವರು ಹೇಳುತ್ತಿದ್ದುದನ್ನು ಈಗ ಅವಳೇ ಊರಿನವರಿಗಿಂತ ಚೆನ್ನಾಗಿ ವಾದ ಮಾಡುತ್ತಿದ್ದಳು. ಅವಳ ತೋಳು ಹಿಡಿದು ಅಲುಗಾಡಿಸಿದೆ, ಬೈದೆ, ಕೊನೆಗೆ ಅತ್ತುಬಿಟ್ಟೆ. ಅವಳೇ ನನ್ನ ಬೆನ್ನು ಸವರಿದಳು.

ಪಂಕ್ಚರ್ ಅಂಗಡಿಯವನ ಮಾತನ್ನು ಮಗನಿಗೂ ಮಾಲೀಕನಿಗೂ ಮುಟ್ಟಿಸಿದೆ, ಅವಳೇ ನಂಬದ್ದನ್ನು ಅವರೇಕೆ ನಂಬುತ್ತಾರೆ? ಆ ನರ್ಸ್ ಯುವಕನ ಹತ್ತಿರ ಕಲಿತು ಪಾಸಾದಳು. ಸ್ಕೂಲಿನವರು ಅತ್ತಿಗೆಯನ್ನು ಕರೆಸಿ ನಾಲ್ಕು ಒಳ್ಳೆಯ ಮಾತಾಡಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಅಂಕಿಗಳು ತಟ್ಟೆಯಗಲ ಇವೆ. ಮಗ ಅದನ್ನು ಅವಳ ಮಂಚದ ಎದುರಿಗೇ ಹಾಕಿದ್ದಾನೆ. ನಾನು ಕಾರು ಕಲಿಯುವುದನ್ನು ಅಲ್ಲಿಗೇ ಬಿಟ್ಟೆ. ಬೇರೆಯವರ ಪಕ್ಕದಲ್ಲಿ ಕೂತು ಕಲಿಯಲು ನನಗೆ ಮನಸ್ಸಿಲ್ಲ.

ಕಾರಿನಲ್ಲಿ ಶುರುವಾದದ್ದು ಕಾರಿನಲ್ಲೇ ನಿಲ್ಲಲಿಲ್ಲ. ಸಾರಿಗೆ ಉಪ್ಪು ಹಾಕಿ, "ಹಾಕಿದೆನಾ?" ಎಂದು ಸೊಸೆಯನ್ನು ಕೇಳುತ್ತಾಳೆ. ಒಲೆ ಆರಿಸಿ ಬಂದು ನನ್ನನ್ನು ನೋಡಲು ಕಳಿಸುತ್ತಾಳೆ. ನಾನು ಹೋಗಿ ನೋಡಿದರೆ ಆರಿಸಿಯೇ ಇರುತ್ತದೆ. ಪ್ರತಿ ಸಲವೂ ಆರಿಸಿಯೇ ಇರುತ್ತದೆ. ಹಾಗೆಂದು ಬಂದು ಹೇಳಿದರೆ, "ಸದ್ಯ, ಇವತ್ತು ಬಚಾವಾದೆವು" ಎನ್ನುತ್ತಾಳೆ. ಮನೆಯವರು ಈಗ ಬಹಳ ನೆಮ್ಮದಿಯಿಂದಿದ್ದಾರೆ. ಅಮ್ಮ ಹೇಳಿದ ಮಾತು ಕೇಳುತ್ತಾಳೆ, ಹಟ ಮಾಡುವುದಿಲ್ಲ ಎಂದು ಮಗ ಬಂದವರ ಮುಂದೆ ಮೆಚ್ಚಿಕೊಳ್ಳುತ್ತಾನೆ. ನಾನು ಎದ್ದು ಹಿಂದಿನ ಕೋಣೆಗೆ ಹೋಗಿಬಿಡುತ್ತೇನೆ.

ಮೊನ್ನೆ ಮಧ್ಯಾಹ್ನ ಇಬ್ಬರೂ ಔಷಧಿ ಅಂಗಡಿಗೆ ಹೊರಟೆವು. ಮನೆಯೆದುರಿನ ರಸ್ತೆಯನ್ನು ದಾಟಿದರೆ ಅಂಗಡಿ. ರಸ್ತೆಯಂಚಿನಲ್ಲಿ ಅತ್ತಿಗೆ ನಿಂತಳು. ಒಂದು ಕಡೆ ನೋಡಿದಳು, ಇನ್ನೊಂದು ಕಡೆ ನೋಡಿದಳು. ಬಿಸಿಲಿನಲ್ಲಿ ರಸ್ತೆ ಉದ್ದಕ್ಕೂ ಬಿದ್ದುಕೊಂಡಿತ್ತು. ಒಂದು ನಾಯಿಯೂ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು.

"ಏನಾದ್ರೂ ಬರ್ತಿದೆಯೇನೇ?" ಎಂದು ಕೇಳಿದಳು.

"ನೀನೇ ಹೇಳು" ಎಂದೆ. "ನಿನಗೇನು ಕಾಣ್ತಿದೆ?"

"ನನಗೇನೂ ಕಾಣ್ತಿಲ್ಲ" ಎಂದಳು. "ಅದಕ್ಕೇ ಕೇಳ್ತಿರೋದು."

ನಾನು ಹಟ ಹಿಡಿದು ಸುಮ್ಮನೆ ನಿಂತೆ. ಅವಳೂ ನಿಂತಳು. ಎಷ್ಟೋ ಹೊತ್ತು ಆ ಖಾಲಿ ರಸ್ತೆಯ ಅಂಚಿನಲ್ಲಿ ಇಬ್ಬರೂ ನಿಂತೆವು. ಅವಳ ಅಂಗೈ ನನ್ನ ಕೈಯೊಳಗೆ ಬೆವರತೊಡಗಿತು. ಕೊನೆಗೆ ನಾನೇ ಸೋತು, "ಏನೂ ಇಲ್ಲ, ಬಾ" ಎಂದೆ. ಆಗ ಅವಳು ಕಾಲೆತ್ತಿ ಮುಂದಿಟ್ಟಳು.